ನೂರಾರು ಕಸಿ, ಒಂದು ಹನಿ ಸೀರಮ್: ಕಿಡ್ನಿ ತಿರಸ್ಕಾರದ ಒಗಟು ಬಿಡಿಸಿದ ಬಗೆ

ಕಸಿ ಮಾಡಿದ ಕಿಡ್ನಿಗೆ ರಕ್ತ ಹರಿಯಬಿಟ್ಟ ಕೂಡಲೇ ಅದು ನಸುಗೆಂಪಾಗಿ ಬಿಗಿದುಕೊಳ್ಳುತ್ತದೆ. ಎಷ್ಟೋ ಸಲ ರೋಗಿ ಇನ್ನೂ ಶಸ್ತ್ರಚಿಕಿತ್ಸೆಯ ಮೇಜಿನ ಮೇಲಿರುವಾಗಲೇ ಮೂತ್ರದ ಹನಿಗಳು ಕಾಣಿಸಿಕೊಳ್ಳುತ್ತವೆ. ಆದರೆ 1960ರ ದಶಕದಲ್ಲಿ ಕೆಲವು ಕಿಡ್ನಿಗಳು ಹೀಗೆ ಕೆಂಪೇರಿದ ಸ್ವಲ್ಪ ಹೊತ್ತಿನಲ್ಲೇ ನೀಲಿಗಟ್ಟಿ, ಮೆತ್ತಗಾಗಿ, ಕೆಲಸ ನಿಲ್ಲಿಸಿಬಿಡುತ್ತಿದ್ದವು. ರಕ್ತನಾಳದ ಹೊಲಿಗೆಯಲ್ಲಿ ದೋಷವಿರುತ್ತಿರಲಿಲ್ಲ, ರಕ್ತದ ಗುಂಪೂ ಹೊಂದುತ್ತಿತ್ತು. ಈ ಒಗಟನ್ನು ಬಿಡಿಸಿದವರಲ್ಲಿ ಪ್ರಮುಖರು, ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿದ್ದ ಪಾಲ್ ತೆರಸಾಕಿ.

ಹೊಲಿಗೆಯ ಸಮಸ್ಯೆ ಬಹಳ ಹಿಂದೆಯೇ ಬಗೆಹರಿದಿತ್ತು. ರಕ್ತನಾಳಗಳನ್ನು ಜೋಡಿಸುವ ವಿಧಾನಕ್ಕಾಗಿ ಅಲೆಕ್ಸಿಸ್ ಕಾರೆಲ್ ಅವರಿಗೆ 1912ರಲ್ಲೇ ನೊಬೆಲ್ ಬಂದಿತ್ತು. ದೇಹ ಪರರ ಅಂಗವನ್ನು ಏಕೆ ಒಲ್ಲದು ಎಂಬುದಕ್ಕೆ ದಾರಿ ತೋರಿಸಿದ್ದು ಮಾತ್ರ ಎರಡನೇ ಮಹಾಯುದ್ಧದ ಕಾಲದ ಸುಟ್ಟಗಾಯಗಳು. ಗ್ಲಾಸ್ಗೊದಲ್ಲಿ ಅಂಥ ರೋಗಿಯೊಬ್ಬರಿಗೆ ಚರ್ಮದ ಕಸಿ ಮಾಡಿ ಗಮನಿಸಿದ ಪೀಟರ್ ಮೆಡಾವರ್ ಮತ್ತು ಥಾಮಸ್ ಗಿಬ್ಸನ್, ಅದೇ ದಾನಿಯ ಚರ್ಮವನ್ನು ಎರಡನೇ ಬಾರಿ ಇಟ್ಟಾಗ ಅದು ಮೊದಲಿಗಿಂತ ಬೇಗ ನಾಶವಾಗುವುದನ್ನು 1943ರಲ್ಲಿ ವರದಿ ಮಾಡಿದರು. ಅಂದರೆ ದೇಹಕ್ಕೆ ನೆನಪಿದೆ. ಮುಂದೆ ಮೆಡಾವರ್ ಬಳಗದ ಪ್ರಯೋಗಗಳಲ್ಲಿ ಈ ನೆನಪು ಪ್ರಾಣಿಯಿಂದ ಪ್ರಾಣಿಗೆ ಜೀವಕೋಶಗಳ ಮೂಲಕ ದಾಟಿತೇ ಹೊರತು ಸೀರಮ್ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ, ಪ್ರತಿಕಾಯಗಳಿರುವ ತಿಳಿ ದ್ರವ) ಮೂಲಕ ದಾಟಲಿಲ್ಲ. ಹೀಗಾಗಿ ತಿರಸ್ಕಾರವೆಂದರೆ ಬಿಳಿ ರಕ್ತಕಣಗಳ ಕೆಲಸ, ಪ್ರತಿಕಾಯಗಳದ್ದಲ್ಲ ಎಂಬ ಅಭಿಪ್ರಾಯ ಬೇರೂರಿತು.

1954ರ ಡಿಸೆಂಬರ್ 23ರಂದು ಬಾಸ್ಟನ್‌ನಲ್ಲಿ ಜೋಸೆಫ್ ಮರ್ರೆ ತಂಡ ನಡೆಸಿದ ಕಸಿ ಯಶಸ್ವಿಯಾದದ್ದು ದಾನಿ ಮತ್ತು ರೋಗಿ ತದ್ರೂಪಿ ಅವಳಿಗಳಾಗಿದ್ದರಿಂದ. ಉಳಿದವರಿಗೆ ಬಾಗಿಲು ತೆರೆದದ್ದು ರೋಗನಿರೋಧಕ ಶಕ್ತಿಯನ್ನು ಹತ್ತಿಕ್ಕುವ ಅಜಾಥಯೋಪ್ರಿನ್ ಮತ್ತು ಸ್ಟಿರಾಯ್ಡ್‌ಗಳು, 1960ರ ದಶಕದ ಆರಂಭದಲ್ಲಿ. ಆದರೆ ನಿಮಿಷಗಳಲ್ಲಿ ಸಾಯುವ ಕಿಡ್ನಿಗೆ ಈ ಔಷಧಗಳಿಂದ ಏನೂ ಪ್ರಯೋಜನವಾಗುತ್ತಿರಲಿಲ್ಲ.

ಲಂಡನ್ನಿನಲ್ಲಿ ಮೆಡಾವರ್ ಬಳಿಯೇ ಸಂಶೋಧನೆ ನಡೆಸಿ ಮರಳಿದ್ದ ತೆರಸಾಕಿ, 1964ರಲ್ಲಿ ಸಹೋದ್ಯೋಗಿಯೊಡನೆ ಒಂದು ಪುಟ್ಟ ಪರೀಕ್ಷೆಯನ್ನು ಪ್ರಕಟಿಸಿದರು. ಚಿಕ್ಕ ಚಿಕ್ಕ ಕುಳಿಗಳಿರುವ ತಟ್ಟೆಯಲ್ಲಿ, ಆರಿಹೋಗದಂತೆ ಎಣ್ಣೆಯ ಕೆಳಗೆ ಒಂದು ಮೈಕ್ರೋಲೀಟರ್ ಸೀರಮ್. ಅದಕ್ಕೆ ಲಿಂಫೋಸೈಟ್‌ಗಳೆಂಬ ಬಿಳಿ ರಕ್ತಕಣಗಳು, ಮೊಲದ ರಕ್ತದಿಂದ ತೆಗೆದ ಕಾಂಪ್ಲಿಮೆಂಟ್ (ಪ್ರತಿಕಾಯ ಅಂಟಿದ ಕಣಗಳನ್ನು ಕೊಲ್ಲುವ ಪ್ರೋಟೀನ್‌ಗಳು), ಕೊನೆಗೆ ಬಣ್ಣ. ಸೂಕ್ಷ್ಮದರ್ಶಕದಲ್ಲಿ ಬದುಕಿದ ಕಣಗಳು ಹೊಳೆಯುತ್ತವೆ, ಸತ್ತವು ಬಣ್ಣ ಹೀರಿ ಕಪ್ಪಾಗಿರುತ್ತವೆ. ಹಲವು ಬಾರಿ ಗರ್ಭಿಣಿಯಾದ ಮಹಿಳೆಯರ ಸೀರಮ್ ಇಂಥ ಪರೀಕ್ಷೆಗಳಿಗೆ ದೊಡ್ಡ ಸಂಪತ್ತಾಯಿತು, ಏಕೆಂದರೆ ಮಗುವಿಗೆ ತಂದೆಯಿಂದ ಬಂದ, ಜೀವಕೋಶಗಳ ಮೇಲ್ಮೈಯಲ್ಲಿರುವ ಎಚ್‌ಎಲ್‌ಎ ಎಂಬ ಗುರುತುಗಳ ವಿರುದ್ಧ ತಾಯಿಯ ದೇಹ ಪ್ರತಿಕಾಯಗಳನ್ನು ತಯಾರಿಸಿಕೊಂಡಿರುತ್ತದೆ. ಅಂಥ ಪದಾರ್ಥ ಬೆರಳೆಣಿಕೆಯ ಹನಿಗಳಷ್ಟೇ ಸಿಗುತ್ತಿದ್ದಾಗ, ಪರೀಕ್ಷೆಯನ್ನು ಕುಗ್ಗಿಸಿದ್ದೇ ನನ್ನ ದೃಷ್ಟಿಯಲ್ಲಿ ತೆರಸಾಕಿಯವರ ನಿಜವಾದ ಜಾಣ್ಮೆ. ಮುಂದೆ ಅವರು ಸ್ಥಾಪಿಸಿದ ಕಂಪನಿಯ ಹೆಸರೂ ‘ಒನ್ ಲ್ಯಾಂಬ್ಡಾ’. ಮೈಕ್ರೋಲೀಟರಿನ ಹಳೆಯ ಹೆಸರು ಲ್ಯಾಂಬ್ಡಾ.

ಗರ್ಭಧಾರಣೆ, ರಕ್ತ ವರ್ಗಾವಣೆ ಅಥವಾ ಹಿಂದಿನ ಕಸಿಯಿಂದ ಹುಟ್ಟಿದ ಪ್ರತಿಕಾಯಗಳೇ ಹೊಸ ಕಿಡ್ನಿಯ ರಕ್ತನಾಳಗಳನ್ನು ಮುಗಿಬಿದ್ದು ಹಾಳುಮಾಡುತ್ತಿರಬಹುದೆಂಬ ಸುಳಿವು ಡೆನ್ಮಾರ್ಕಿನಿಂದ 1966ರಲ್ಲಿ ಬಂದಿತ್ತು. 1969ರಲ್ಲಿ ಪಟೇಲ್ ಮತ್ತು ತೆರಸಾಕಿ 225 ಕಸಿಗಳ ಲೆಕ್ಕ ಮುಂದಿಟ್ಟರು. ರೋಗಿಯ ಸೀರಮ್ ದಾನಿಯ ಕಣಗಳನ್ನು ಕೊಂದ 30 ಪ್ರಕರಣಗಳಲ್ಲಿ 24 ಕಿಡ್ನಿಗಳು ಕೂಡಲೇ ವಿಫಲವಾಗಿದ್ದವು. ಕೊಲ್ಲದ 195ರಲ್ಲಿ ಹಾಗಾದದ್ದು 8 ಮಾತ್ರ. ಆ ಬಳಿಕ ಕಸಿಗೆ ಮುನ್ನ ಕ್ರಾಸ್‌ಮ್ಯಾಚ್, ಅಂದರೆ ರೋಗಿಯ ಸೀರಮ್ಮನ್ನು ದಾನಿಯ ಕಣಗಳೊಡನೆ ಬೆರೆಸಿ ನೋಡುವ ಪರೀಕ್ಷೆ, ಮಾಡುವುದು ಎಲ್ಲೆಡೆ ಕಡ್ಡಾಯ ಪದ್ಧತಿಯಾಯಿತು, ನಿಮಿಷಗಳಲ್ಲಿ ಸಾಯುವ ಕಿಡ್ನಿ ಅಪರೂಪವಾಯಿತು.

1983ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಸೈಕ್ಲೋಸ್ಪೋರಿನ್ ಎಂಬ ಔಷಧ ಟಿ ಕಣಗಳೆಂಬ ಬಿಳಿ ರಕ್ತಕಣಗಳನ್ನು ಹತ್ತಿಕ್ಕಿ ಮೊದಲ ವರ್ಷದ ಫಲಿತಾಂಶವನ್ನು ಗಣನೀಯವಾಗಿ ಸುಧಾರಿಸಿತು. ಅದರೊಂದಿಗೆ ಪ್ರತಿಕಾಯಗಳ ಮಾತು ಮತ್ತೆ ಹಿಂದೆ ಸರಿಯಿತು. ತೆರಸಾಕಿ ಮಾತ್ರ ಪಟ್ಟು ಬಿಡಲಿಲ್ಲ. ವರ್ಷಗಳ ಮೇಲೆ ನಿಧಾನವಾಗಿ ಕೆಡುವ ಕಿಡ್ನಿಗಳ ಹಿಂದೆಯೂ ಪ್ರತಿಕಾಯಗಳಿವೆ ಎಂದು 2003ರಲ್ಲಿ ಅವರು ಮತ್ತೆ ವಾದಿಸಿದರು. ಅಷ್ಟರಲ್ಲಿ ಬಯಾಪ್ಸಿಯಲ್ಲಿ (ಕಿಡ್ನಿಯ ಚೂರು ತೆಗೆದು ಮಾಡುವ ಪರೀಕ್ಷೆ) ಕಾಣುವ, ಕಾಂಪ್ಲಿಮೆಂಟ್ ಉಳಿಸಿಹೋಗುವ ಸಿ4ಡಿ ಎಂಬ ಕುರುಹು ಅದಕ್ಕೆ ಸಾಕ್ಷಿ ಒದಗಿಸತೊಡಗಿತ್ತು. ತೆರಸಾಕಿ 2016ರಲ್ಲಿ ತೀರಿಕೊಂಡರು. ಕಸಿಯ ನಂತರ ಹುಟ್ಟಿಕೊಳ್ಳುವ ಪ್ರತಿಕಾಯಗಳನ್ನು ಇಂದು ರಕ್ತಪರೀಕ್ಷೆಯಲ್ಲೇ ಗುರುತಿಸಬಹುದು. ಅವುಗಳಿಂದಾಗುವ ದೀರ್ಘಕಾಲದ ಹಾನಿಯನ್ನು ತಡೆಯುವುದು ಈಗಲೂ ಕಷ್ಟ.