ಮಾತ್ರೆ ನುಂಗುವ ಮೊದಲು ಒಂದು ಸ್ಕ್ಯಾನ್

"ಮೇಡಂ, ನನ್ನ ಆಪರೇಷನ್ ಆಗೇತ್ರಿ. ಬಸರ ಹೆಂಗ ಆಗತೈತ್ರಿ?"

ವಿಜಯಪುರದ ನನ್ನ ಓಪಿಡಿಯಲ್ಲಿ ಈ ಪ್ರಶ್ನೆ ಆಗಾಗ ಬರುತ್ತದೆ. ನಮ್ಮ ಕಡೆ ಆಪರೇಷನ್ ಅಂದರೆ ಮಕ್ಕಳಾಗದ ಆಪರೇಷನ್, ಅಲ್ವಾ? ಅಪರೂಪಕ್ಕೆ ಅದೂ ಕೈಕೊಡುತ್ತದೆ. ಆಗ ನಿಂತ ಬಸಿರು ಗರ್ಭಕೋಶದಲ್ಲಿ ಕೂರದೆ, ಅಂಡ ಗರ್ಭಕೋಶಕ್ಕೆ ಬರುವ ದಾರಿಯಾದ ಟ್ಯೂಬಿನಲ್ಲೇ ಬೆಳೆಯುವ ಸಾಧ್ಯತೆ ಬೇರೆಯವರಿಗಿಂತ ಜಾಸ್ತಿ.

ಹೀಗೇ ಕೇಳಿದ ಇಂಡಿ ಕಡೆಯ ಒಬ್ಬ ತಾಯಿಗೆ ಮುಟ್ಟು ತಪ್ಪಿತ್ತು. ಮನೆಯಲ್ಲೇ ಪರೀಕ್ಷೆ ಮಾಡಿದಾಗ ಎರಡು ಗೆರೆ ಬಂದಿದ್ದವು. ಗಂಡ ಮೆಡಿಕಲ್ ಶಾಪಿನಿಂದ ಬಸಿರು ತೆಗೆಯುವ ಮಾತ್ರೆ ತಂದುಕೊಟ್ಟರು. ರಕ್ತ ಹೋಯಿತು, ಎಲ್ಲಾ ಮುಗಿಯಿತು ಅಂದುಕೊಂಡರು. ಆದರೆ ಆ ಮಾತ್ರೆ ಕೆಲಸ ಮಾಡುವುದು ಗರ್ಭಕೋಶದ ಮೇಲೆ. ಟ್ಯೂಬಿನ ಬಸಿರು ಅದರಿಂದ ಹೋಗುವುದಿಲ್ಲ. ವಾರದ ನಂತರ ಹೊಟ್ಟೆಯ ಒಂದು ಬದಿ ನೋವು, ತಲೆಸುತ್ತು, ಜೊತೆಗೆ ಭುಜ ನೋವು. ನಿಂಬೆಕಾಯಿ ಚೀಲ ಎತ್ತಿ ಭುಜ ಹಿಡಿದಿದೆ ಅಂತ ಅತ್ತೆ ಎಣ್ಣೆ ತಿಕ್ಕಿದ್ದರು. ನಿಜವಾಗಿ ಟ್ಯೂಬ್ ಒಡೆದು ಹೊಟ್ಟೆಯೊಳಗೆ ರಕ್ತ ತುಂಬುತ್ತಿತ್ತು. ಆ ರಕ್ತ ಎದೆ-ಹೊಟ್ಟೆ ನಡುವಿನ ಪರದೆಗೆ ತಾಗಿದರೆ ನೋವು ಭುಜದಲ್ಲಿ ಕಾಣಿಸುತ್ತದೆ.

ಸಲೈನ್, ರಕ್ತ ಕೊಟ್ಟ ಮೇಲೆ ಅವರ ಬಿಪಿ ಹತೋಟಿಗೆ ಬಂತು. ಹಾಗಾಗಿ ದುರ್ಬೀನು ಆಪರೇಷನ್ ಮಾಡಲು ಆಯಿತು. ಹೊಕ್ಕಳ ಹತ್ತಿರ ಒಂದು ಸೆಂಟಿಮೀಟರ್ ತೂತಿನಿಂದ ಕ್ಯಾಮೆರಾ, ಕೆಳಗೆ 5 ಮಿಲಿಮೀಟರಿನ ಎರಡು ತೂತುಗಳಿಂದ ಉಪಕರಣಗಳು. ಕಾರ್ಬನ್ ಡೈಆಕ್ಸೈಡ್ ತುಂಬಿ ಹೊಟ್ಟೆ ಉಬ್ಬಿಸಿಕೊಳ್ಳುತ್ತೇವೆ. ರಕ್ತ ಹೀರಿ ತೆಗೆದು, ಒಡೆದ ಟ್ಯೂಬನ್ನು ಶಾಖದಿಂದ ಬಿಗಿದು ಕತ್ತರಿಸಿ, ಸಣ್ಣ ಚೀಲದಲ್ಲಿ ಹಾಕಿ ಹೊರಗೆಳೆದೆವು. ಮೊದಲೇ ಒಪ್ಪಿಗೆ ಕೊಟ್ಟಿದ್ದರಿಂದ ಇನ್ನೊಂದು ಟ್ಯೂಬನ್ನೂ ತೆಗೆದೆವು. ಮರುದಿನ ಎದ್ದು ಓಡಾಡಿದರು. ಬಿಪಿ ಹತೋಟಿಗೆ ಬರದಿದ್ದರೆ ನಾನು ದುರ್ಬೀನಿಗೆ ಹಟ ಮಾಡುತ್ತಿರಲಿಲ್ಲ. ಅಂಥ ಹೊತ್ತಲ್ಲಿ ಹೊಟ್ಟೆ ಕೊಯ್ದು ರಕ್ತ ನಿಲ್ಲಿಸುವುದೇ ಸರಿ.

ಇನ್ನೂ ಬೇಗ ಬಂದಿದ್ದರೆ? ಬಸಿರು ಸಣ್ಣದಿದ್ದು, ಟ್ಯೂಬ್ ಒಡೆಯದೆ, ಭ್ರೂಣದ ಎದೆಬಡಿತ ಶುರುವಾಗಿರದಿದ್ದರೆ ಕೆಲವರಿಗೆ ಬಸಿರಿನ ಬೆಳವಣಿಗೆ ನಿಲ್ಲಿಸುವ ಮೆಥೊಟ್ರೆಕ್ಸೇಟ್ ಇಂಜೆಕ್ಷನ್ನೇ ಸಾಕಾಗುತ್ತದೆ. ಬಸಿರಿನ ಹಾರ್ಮೋನು ಎಷ್ಟಿದೆ ಅಂತ ತೋರಿಸುವ ಬೀಟಾ ಎಚ್‌ಸಿಜಿ ರಕ್ತ ಪರೀಕ್ಷೆ ನೋಡಿಕೊಂಡು ಕೊಡುತ್ತೇವೆ.

ಮಕ್ಕಳು ಬೇಕಾದವರು ಹೆದರುವುದು ಬೇರೆ ಮಾತಿಗೆ: "ಒಂದು ಟ್ಯೂಬ್ ಹೋದ್ರ ಮುಂದ ಹೆಂಗ್ರಿ?" ಯುರೋಪ್, ಅಮೆರಿಕದ 446 ಮಹಿಳೆಯರ ಮೇಲೆ ನಡೆದ ಅಧ್ಯಯನವೊಂದು 2014ರಲ್ಲಿ ಪ್ರಕಟವಾಯಿತು. ಎಲ್ಲರಿಗೂ ಇನ್ನೊಂದು ಟ್ಯೂಬ್ ಚೆನ್ನಾಗಿತ್ತು. ಟ್ಯೂಬ್ ಸೀಳಿ ಬಸಿರನ್ನಷ್ಟೇ ತೆಗೆದವರಲ್ಲಿ ಮೂರು ವರ್ಷದೊಳಗೆ ಸುಮಾರು 61 ಪರ್ಸೆಂಟ್ ಜನರಿಗೆ, ಟ್ಯೂಬನ್ನೇ ತೆಗೆದವರಲ್ಲಿ 56 ಪರ್ಸೆಂಟ್ ಜನರಿಗೆ ಸಹಜವಾಗಿ ಬಸಿರು ನಿಂತಿತು. ಅದು ಹೇಳಿಕೊಳ್ಳುವಂಥ ಫರಕೇನಲ್ಲ. ಟ್ಯೂಬ್ ಉಳಿಸಿದರೆ ಬಸಿರಿನ ಚೂರು ಒಳಗೇ ಉಳಿಯಬಹುದು, ಅದಕ್ಕೆ ವಾರವಾರ ರಕ್ತ ಪರೀಕ್ಷೆ ಬೇಕು. ದೂರದ ಹಳ್ಳಿಯವರಿಗೆ ಇದು ಸಣ್ಣ ವಿಷಯವಲ್ಲ.

ಒಮ್ಮೆ ಹೀಗಾದವರಲ್ಲಿ ಹತ್ತರಲ್ಲಿ ಸುಮಾರು ಒಬ್ಬರಿಗೆ ಮತ್ತೆ ಆಗಬಹುದು. ಅದಕ್ಕೇ ಡಿಸ್ಚಾರ್ಜ್ ಚೀಟಿಯಲ್ಲಿ ದಪ್ಪ ಅಕ್ಷರದಲ್ಲಿ ಬರೆಯುತ್ತೇನೆ: ಮುಂದಿನ ಬಸಿರಿಗೆ, ಅದು ಎಲ್ಲಿ ಕೂತಿದೆ ಅಂತ ನೋಡಲು ಆರನೇ ವಾರದಲ್ಲೇ ಸ್ಕ್ಯಾನ್. ಗಂಡನನ್ನೂ ಅತ್ತೆಯನ್ನೂ ಕೂರಿಸಿಕೊಂಡು ಓದಿ ಹೇಳುತ್ತೇನೆ.