ರೊಟ್ಟಿ ಆರುವ ಹೊತ್ತಿನ ಸಮ್ಮೇಳನ

ಚಳಿಗಾಲದಲ್ಲಿ ನ್ಯೂಯಾರ್ಕಿನ ಬೆಳಿಗ್ಗೆ 9 ಅಂದರೆ ಕಲಬುರಗಿಯಲ್ಲಿ ರಾತ್ರಿ 7.30. ತೊಗರಿ ಗಿಡವನ್ನು ಒಣಗಿಸುವ ನೆಟೆ ರೋಗದ ಮೇಲೆ ಸಂಶೋಧನೆ ಮಾಡುವ ನನ್ನ ಗೆಳೆಯ ಆಗ ಅಲ್ಲಿನ ಆನ್‌ಲೈನ್ ಸಮ್ಮೇಳನಕ್ಕೆ ಇಯರ್‌ಫೋನ್ ಸಿಕ್ಕಿಸಿಕೊಂಡು ಲ್ಯಾಪ್‌ಟಾಪ್ ಮುಂದೆ ಕೂರುತ್ತಾನೆ. "ಉಣ್ಲಾಕ ಬಾರೋ, ರೊಟ್ಟಿ ಆರ್ಲಾಕತ್ಯಾವ" ಅಂತ ಅವ್ವ ಒಳಗಿಂದ ಕೂಗುತ್ತಾಳೆ. ಇವನದು ಬರೀ ಕೈಸನ್ನೆ.

ವೀಸಾ, ವಿಮಾನ, ಹೋಟೆಲು ಎಲ್ಲ ಸೇರಿದರೆ ಹೊರದೇಶದ ಸಮ್ಮೇಳನ ಸ್ಕಾಲರ್‌ಶಿಪ್ ದುಡ್ಡಲ್ಲಿ ಆಗುವ ಮಾತಲ್ಲ. 2020ರ ಮಾರ್ಚಿನಲ್ಲಿ ಅಮೆರಿಕದ ಡೆನ್ವರ್‌ನಲ್ಲಿ ನಡೆಯಬೇಕಿದ್ದ ಭೌತವಿಜ್ಞಾನಿಗಳ ದೊಡ್ಡ ಸಭೆ, ಇನ್ನೇನು ಶುರು ಅನ್ನುವಾಗ ಕೊರೊನಾದಿಂದ ರದ್ದಾಯಿತು. ಆಮೇಲೆ ಒಂದೊಂದೇ ಸಮ್ಮೇಳನ ಪರದೆಗೆ ಬಂತು. ನಮ್ಮಂಥವರಿಗೂ ಬಾಗಿಲು ತೆರೆಯಿತು.

ಆದರೆ ಸುಮ್ನೆ ಭಾಷಣ ಕೇಳೋಕೆ ಅಷ್ಟು ದೂರ ಯಾರು ಹೋಗುತ್ತಾರೆ? ಚಹಾ ಕುಡಿಯುತ್ತಾ ಹರಟುವಾಗ ತಾನೇ ಹೊಸದು ಹೊಳೆಯೋದು. 2022ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಅಧ್ಯಯನವೂ ಇದನ್ನೇ ಹೇಳಿತು. ಇಬ್ಬಿಬ್ಬರನ್ನು ಜೋಡಿ ಮಾಡಿ ಐಡಿಯಾ ಕೇಳಿದರು. ಎದುರಾಬದುರು ಕೂತವರಿಗಿಂತ ವಿಡಿಯೋದಲ್ಲಿ ಮಾತಾಡಿದವರಿಗೆ ಕಡಿಮೆ ಹೊಳೆದವು. ಕಣ್ಣು ಪರದೆಗೇ ಅಂಟಿಕೊಂಡರೆ ಯೋಚನೆಯೂ ಅಲೆಯುವುದಿಲ್ಲ ಅನ್ನುವುದು ಅವರ ವಿವರಣೆ. ಹೊಳೆದದ್ದರಲ್ಲಿ ಒಳ್ಳೆಯದನ್ನು ಆರಿಸುವಾಗ ಮಾತ್ರ ವಿಡಿಯೋದವರು ಹಿಂದೆ ಬೀಳಲಿಲ್ಲ.

ಅದಕ್ಕೇ ಎರಡು ದಿನದ ವಿಡಿಯೋ ಜಾತ್ರೆಗಿಂತ ವರ್ಷಪೂರ್ತಿ ಬರೆದು ಮಾತಾಡುವ ಗುಂಪುಗಳೇ ನನಗೆ ಇಷ್ಟ. 2009ರಲ್ಲಿ ಗಣಿತಜ್ಞ ಟಿಮ್ ಗೋವರ್ಸ್, ಕಷ್ಟದ ಪ್ರಮೇಯವೊಂದನ್ನು ಹೊಸ ದಾರಿಯಲ್ಲಿ ಸಾಧಿಸೋಣ ಬನ್ನಿ ಎಂದು ಇಂಟರ್ನೆಟ್‌ನಲ್ಲಿ ಎಲ್ಲರನ್ನೂ ಕರೆದರು. ಗಣಿತದ ದೊಡ್ಡ ಗೌರವವಾದ ಫೀಲ್ಡ್ಸ್ ಪದಕ ಪಡೆದ ಟೆರೆನ್ಸ್ ಟಾವೊ ಬಂದರು. ಒಬ್ಬ ಹೈಸ್ಕೂಲ್ ಮೇಷ್ಟ್ರೂ ಬಂದರು. ಅರ್ಧಂಬರ್ಧ ಯೋಚನೆಯನ್ನೂ ಬರೆಯಬಹುದಿತ್ತು. ಎರಡು ತಿಂಗಳೊಳಗೆ ದಾರಿ ಸಿಕ್ಕಿತು.

ನನ್ನ ಗೆಳೆಯನಿಗೂ ಇದೇ ಒಗ್ಗಿದೆ. ತುಂಬಿದ ಹಾಲ್‌ನಲ್ಲಿ ಎದ್ದು ನಿಂತು ಇಂಗ್ಲಿಷಿನಲ್ಲಿ ಕೇಳು ಅಂದರೆ ಬಾಯಿ ಕಟ್ಟುತ್ತದೆ. ಟೈಪ್ ಮಾಡಿ, ಅಳಿಸಿ, ಮತ್ತೆ ಟೈಪ್ ಮಾಡೋಕೆ ಯಾರ ಭಯ? ಮೊನ್ನೆ ಅಂಥದೊಂದು ಗುಂಪಿನಲ್ಲಿ ತೊಗರಿ ಕಾಂಡ ಸೀಳಿ ಫೋಟೊ ಹಾಕಿದ. ಒಳಗೆ ಉದ್ದಕ್ಕೂ ಕಪ್ಪು ಗೆರೆ. ಫ್ಯುಸೇರಿಯಂ ಅನ್ನುವ ಶಿಲೀಂಧ್ರ ಬೇರಿನಿಂದ ಹತ್ತಿ, ನೀರು ಏರುವ ನಾಳಗಳನ್ನು ಮುಚ್ಚಿಹಾಕಿದ ಗುರುತು ಅದು. ಅಷ್ಟರಲ್ಲಿ ಕರೆಂಟ್ ಹೋಯಿತು.

ಬೆಳಿಗ್ಗೆ ನೋಡಿದರೆ ಕೆನ್ಯಾದಿಂದ ಒಬ್ಬರು ಬರೆದಿದ್ದರು: ತೊಗರಿ ಜೊತೆ ಜೋಳ ಬೆರೆಸಿ ಬಿತ್ತಿದ ಕಡೆ ಈ ರೋಗ ಕಡಿಮೆ ಅಲ್ವಾ, ನಿಮ್ಮ ಹೊಲದಲ್ಲಿ ಹೇಗೆ? ಪಕ್ಕದ ಹೊಲದಲ್ಲಿ ಜೋಳದ ಸಾಲುಗಳಿದ್ದವು. ಇವನು ಅಲ್ಲಿನ ಗಿಡ ಎಣಿಸಿಯೇ ಇರಲಿಲ್ಲ. ಚಹಾ ಕುಡಿದು ಆಳಂದದ ಬಸ್ ಹತ್ತಿದ.