ಡಿ ಡ್ರೈವ್‌ನಲ್ಲಿ 300 ಜಿಬಿ ಖಾಲಿ ಇದೆ, ವಿಂಡೋಸ್ ಮಾತ್ರ ಜಾಗ ಇಲ್ಲ ಅಂತಿದೆ. ಯಾಕೆ?

ಪ್ರಶ್ನೆ: "ಸರ, ನಮ್ಮದು ಕಾರಟಗಿಯಾಗ ಒಂದು ಸಣ್ಣ ಆನ್‌ಲೈನ್ ಸೆಂಟರ್ ಐತ್ರಿ. ವಿಂಡೋಸ್ 11. ಮೂರು ವಾರ ಆತು, ಅಪ್‌ಡೇಟ್ ಆಗವಲ್ದು. ಅರ್ಧಕ್ಕ ಬರ್ತೈತಿ, ಜಾಗ ಇಲ್ಲ ಅಂತೈತಿ, ಮತ್ತ ಹಿಂದಕ್ಕ ಹೋಗ್ತೈತಿ. ಡಿ ಡ್ರೈವ್‌ನಾಗ 300 ಜಿಬಿ ಖಾಲಿ ಐತಿ. ಅದರಾಗಿನ ಮದುವಿ ವಿಡಿಯೋನೂ ಡಿಲೀಟ್ ಮಾಡಿದೆ, ಏನೂ ಆಗ್ಲಿಲ್ಲ. ರಿಪೇರಿ ಅಂಗಡಿಯವ್ರು ಫಾರ್ಮ್ಯಾಟ್ ಹೊಡಿಬೇಕು ಅಂತಾರ. ಹೊಡಸ್ಲ್ಯಾ?"

ಬೇಡ. ಸದ್ಯಕ್ಕಂತೂ ಬೇಡ. ಮದುವೆ ವಿಡಿಯೋ ಡಿಲೀಟ್ ಮಾಡಿದ್ದಕ್ಕೆ ನನಗೇ ಬೇಜಾರಾಯಿತು. ರೀಸೈಕಲ್ ಬಿನ್ ಇನ್ನೂ ಖಾಲಿ ಮಾಡಿಲ್ಲ ಅಂದ್ರೆ ಇದನ್ನು ಮುಂದೆ ಓದೋ ಮೊದಲು ಹೋಗಿ ಅದನ್ನು ರಿಸ್ಟೋರ್ ಮಾಡಿಕೊಂಡು ಬನ್ನಿ. ಆ ವಿಡಿಯೋಗೂ ಈ ಅಪ್‌ಡೇಟ್‌ಗೂ ಸಂಬಂಧವೇ ಇಲ್ಲ.

ನೀವು ಕಳಿಸಿದ ಸ್ಕ್ರೀನ್ ಫೋಟೋ ನೋಡಿದೆ. 512 ಜಿಬಿ ಎಸ್‌ಎಸ್‌ಡಿ, ವಿಂಡೋಸ್ ಲೆಕ್ಕದಲ್ಲಿ ಅದು 476. (ಕಂಪನಿ ಸಾವಿರದ ಲೆಕ್ಕ ಹಿಡಿಯುತ್ತದೆ, ವಿಂಡೋಸ್ 1024ರ ಲೆಕ್ಕ. ಯಾರೂ ಕದ್ದಿಲ್ಲ.) ಅದರಲ್ಲಿ ಸಿ ಗೆ 80 ಕೊಟ್ಟು ಉಳಿದದ್ದನ್ನೆಲ್ಲ ಡಿ ಗೆ ಕೊಟ್ಟಿದ್ದಾರೆ. ನಮ್ಮ ಕಡೆ ಹೊಸ ಮಷಿನ್ ಕೊಡುವಾಗ ಹೀಗೆ ಹರಿದು ಕೊಡೋದು ಹಳೇ ರೂಢಿ. ಇದು ಒಂದೇ ಗದ್ದೆಗೆ ನಡುವೆ ಬದು ಹಾಕಿದ ಹಾಗೆ. ಆ ಕಡೆ ಮೊಣಕಾಲುದ್ದ ನೀರು ನಿಂತರೂ ಈ ಕಡೆ ಒಣಗಿದ್ದು ಒಣಗಿದ್ದೇ. ವಿಂಡೋಸ್ ಕೂತಿರೋದು ಸಿ ಯಲ್ಲಿ, ಅಪ್‌ಡೇಟ್ ಕೆಲಸ ಮಾಡೋದೂ ಸಿ ಯಲ್ಲಿ. ನಿಮ್ಮ ಸಿ ಯಲ್ಲಿ ಉಳಿದಿರೋದು 1.9 ಜಿಬಿ, ಕೆಂಪು ಗೆರೆ.

ಫೋಟೋದಲ್ಲಿರೋ ಎರರ್ ಕೋಡ್ ಕೂಡ ಅದನ್ನೇ ಹೇಳುತ್ತಿದೆ. 0ಎಕ್ಸ್80070070. ಕೊನೆಯ 70 ಅನ್ನೋದೇ ಡಿಸ್ಕ್ ತುಂಬಿದೆ ಅನ್ನೋ ಸಂಖ್ಯೆ. ಈ ಕೋಡ್ ಬಂದಾಗ ವೈರಸ್, ರ್‍ಯಾಮ್ ಹಾಳಾಗಿದೆ ಅಂತ ಯಾರಾದರೂ ಹೇಳಿದರೆ ಸುಮ್ನೆ ನಕ್ಕುಬಿಡಿ.

ಇಷ್ಟೊಂದು ಜಾಗ ಯಾಕೆ ಬೇಕು ಅಂತೀರಾ? ಮೊದಲು ಪ್ಯಾಕೇಜ್ ಇಳಿಯಬೇಕು, ಆಮೇಲೆ ಅದನ್ನು ಬಿಚ್ಚಿ ಹರವಬೇಕು, ಜೊತೆಗೆ ಹಳೇ ಫೈಲ್‌ಗಳನ್ನೂ ಒಂದು ಕಡೆ ಜೋಪಾನವಾಗಿ ಇಟ್ಟುಕೊಂಡಿರಬೇಕು, ಯಾಕಂದ್ರೆ ಕೆಲಸ ಕೆಟ್ಟರೆ ವಾಪಸ್ ಹೋಗೋಕೆ ದಾರಿ ಬೇಕಲ್ಲ. ನಿಮ್ಮ ಮಷಿನ್ "ಹಿಂದಕ್ಕ ಹೋಗ್ತೈತಿ" ಅಂದಿರಲ್ಲ, ಹಾಗೆ ಹೋಗಿ ಮತ್ತೆ ಆನ್ ಆಗುತ್ತಿರೋದು ಅದರಿಂದಲೇ. ಅದು ಕಾಟ ಅಲ್ಲ, ಉಪಕಾರ. ಇದಕ್ಕೆ ಅಂತಲೇ ವಿಂಡೋಸ್ 2019ರಿಂದ ಸುಮಾರು 7 ಜಿಬಿ ಜಾಗವನ್ನು ಬೇರೆ ಎತ್ತಿಡೋಕೆ ಶುರು ಮಾಡಿದೆ, ಆದರೂ ಸಿ ಗಿಜಿಗುಡುತ್ತಿದ್ದರೆ ಅದೂ ಸಾಲೋದಿಲ್ಲ. ನನ್ನ ಅನುಭವದಲ್ಲಿ ತಿಂಗಳ ಅಪ್‌ಡೇಟ್‌ಗೆ 10 ಜಿಬಿ ಖಾಲಿ ಇದ್ದರೆ ನೆಮ್ಮದಿ. ವರ್ಷಕ್ಕೊಮ್ಮೆ ಬರೋ ದೊಡ್ಡ ಅಪ್‌ಡೇಟ್‌ಗೆ 20 ಇಟ್ಟುಕೊಳ್ಳಿ.

ಈಗ ಅಳಿಸೋ ವಿಚಾರ. ಕೈ ಹಾಕೋ ಮೊದಲು ಜಾಗ ಎಲ್ಲಿ ಹೋಗಿದೆ ಅಂತ ನೋಡಬೇಕು. ಇಷ್ಟು ಮಾಡದೇ ಜನ ಫೋಟೋ, ವಿಡಿಯೋ, ಕೊನೆಗೆ ಟ್ಯಾಲಿ ಬ್ಯಾಕಪ್ ಕೂಡ ಅಳಿಸಿಕೊಂಡು ನನ್ನ ಹತ್ರ ಬರುತ್ತಾರೆ. ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್, ಅದರಲ್ಲಿ ಸ್ಟೋರೇಜ್. ಅಲ್ಲೇ ಯಾವುದು ಎಷ್ಟು ತಿಂದಿದೆ ಅಂತ ಗೆರೆ ಹಾಕಿ ತೋರಿಸುತ್ತದೆ. ಇನ್ನೂ ಆಳಕ್ಕೆ ಹೋಗಬೇಕು ಅಂದ್ರೆ ವಿಜ್‌ಟ್ರೀ ಅಥವಾ ವಿನ್‌ಡರ್‌ಸ್ಟ್ಯಾಟ್ ಹಾಕಿಕೊಳ್ಳಿ. ನನಗೆ ವಿಜ್‌ಟ್ರೀ ಇಷ್ಟ, ಕೆಲವೇ ಸೆಕೆಂಡಲ್ಲಿ ಇಡೀ ಡ್ರೈವ್‌ನ ದಪ್ಪ ಫೋಲ್ಡರ್‌ಗಳನ್ನು ಮೇಲಿಂದ ಕೆಳಗೆ ಸಾಲಾಗಿ ನಿಲ್ಲಿಸುತ್ತದೆ.

ಆನ್‌ಲೈನ್ ಸೆಂಟರ್ ಅಂದ ತಕ್ಷಣ ನನಗೆ ಮೊದಲು ಅನುಮಾನ ಬರೋದು ಡೌನ್‌ಲೋಡ್ಸ್ ಫೋಲ್ಡರ್ ಮೇಲೆ. ಹೋದ ತಿಂಗಳು ಗಂಗಾವತಿಯಲ್ಲಿ ಇಂಥದ್ದೇ ಒಂದು ಅಂಗಡಿಯ ಮಷಿನ್ ಬಿಚ್ಚಿದೆ. ಒಳಗೆ "ಆಧಾರ್ (1)"ರಿಂದ ಶುರುವಾಗಿ "ಆಧಾರ್ (612)"ವರೆಗೆ ಪಿಡಿಎಫ್. ಪಹಣಿ ಬೇರೆ, ಜಾತಿ ಪ್ರಮಾಣಪತ್ರ ಬೇರೆ, ಬ್ಯಾಂಕ್ ಪಾಸ್‌ಬುಕ್ ಸ್ಕ್ಯಾನ್ ಬೇರೆ. ಒಂದೊಂದೇ ನೋಡಿದರೆ ಸಣ್ಣವು, ನಿಜ. ಆದರೆ ಅದೇ ಫೋಲ್ಡರ್‌ನಲ್ಲಿ ಪ್ರಿಂಟರ್ ಡ್ರೈವರ್ ನಾಲ್ಕು ಸಲ ಇಳಿದಿತ್ತು, ಗಿರಾಕಿಗಳು ಪೆನ್‌ಡ್ರೈವ್‌ನಿಂದ ಹಾಕಿಸಿ ಮರೆತ ಸಿನಿಮಾ ಇದ್ದವು, ಪಕ್ಕದ ಫ್ಲೆಕ್ಸ್ ಅಂಗಡಿಯವರು "ಒಂದ್ ಪ್ರಿಂಟ್ ತಗಿ" ಅಂತ ಕಳಿಸಿದ ಕೋರಲ್‌ಡ್ರಾ ಫೈಲ್‌ಗಳು, ಅವುಗಳ ಜೊತೆ ಕೋರಲ್ ತಾನೇ ಹುಟ್ಟಿಸೋ "ಬ್ಯಾಕಪ್ ಆಫ್" ಮರಿಗಳು. ಎಲ್ಲ ಸೇರಿ 23 ಜಿಬಿ! ಮಾಲೀಕರು "ಇಷ್ಟು ದಿನ ಇದನ್ನ ತೆರೆದೇ ನೋಡಿಲ್ಲ" ಅಂದರು.

ಈ ಫೋಲ್ಡರನ್ನು ಒಂದೊಂದೇ ಆರಿಸುತ್ತ ಕೂರಬೇಡಿ. ಡೌನ್‌ಲೋಡ್ಸ್ ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್, ಅದರಲ್ಲಿ ಲೊಕೇಶನ್, ಅಲ್ಲಿ ಮೂವ್. ಮೊದಲೇ ಡಿ ಯಲ್ಲಿ ಡೌನ್‌ಲೋಡ್ಸ್ ಅಂತ ಒಂದು ಹೊಸ ಫೋಲ್ಡರ್ ಮಾಡಿಟ್ಟು ಅದನ್ನು ತೋರಿಸಿ. ನೇರ ಡಿ ಡ್ರೈವನ್ನೇ ತೋರಿಸಿದರೆ ಆಮೇಲೆ ಪೇಚಾಟ ಜಾಸ್ತಿ. ಇದ್ದದ್ದೆಲ್ಲ ಅಲ್ಲಿಗೆ ಹೋಗುತ್ತದೆ, ಇನ್ನು ಮುಂದೆ ಇಳಿಯೋದೂ ಅಲ್ಲಿಗೇ. ನಿಮ್ಮ 300 ಜಿಬಿ ಈಗ ಕೆಲಸಕ್ಕೆ ಬಂತು ನೋಡಿ. ಡಾಕ್ಯುಮೆಂಟ್ಸ್, ವಿಡಿಯೋಸ್‌ಗೂ ಇದನ್ನೇ ಮಾಡಬಹುದು. ವಾಟ್ಸಾಪ್ ಹಾಗಲ್ಲ. ಕಂಪ್ಯೂಟರ್ ವಾಟ್ಸಾಪ್‌ಗೆ ಬಂದ ಫೋಟೋ, ವಿಡಿಯೋ ಸಿ ಯಲ್ಲೇ ಎಲ್ಲೋ ಒಳಗೆ ಕೂತಿರುತ್ತವೆ, ಅವನ್ನು ವಾಟ್ಸಾಪ್ ಒಳಗಿನಿಂದಲೇ ಕಮ್ಮಿ ಮಾಡಿಕೊಳ್ಳಬೇಕು.

ಆಮೇಲೆ ವಿಂಡೋಸ್‌ನದೇ ಕಸ. ಅದೇ ಸ್ಟೋರೇಜ್ ಪುಟದಲ್ಲಿ ಟೆಂಪರರಿ ಫೈಲ್ಸ್ ಅಂತ ಇದೆ, ಒತ್ತಿ. ಒಂದು ನಿಮಿಷ ಯೋಚನೆ ಮಾಡಿ ಪಟ್ಟಿ ಕೊಡುತ್ತದೆ. ಇಲ್ಲಿ ಎಚ್ಚರ ಬೇಕು. ಆ ಪಟ್ಟಿಯಲ್ಲಿ ಡೌನ್‌ಲೋಡ್ಸ್ ಅನ್ನೋ ಹೆಸರೂ ಇರುತ್ತದೆ, ಅದರ ಮುಂದೆ ಟಿಕ್ ಇದ್ದರೆ ಮೊದಲು ತೆಗೆಯಿರಿ. 2018ರ ಕೊನೆಯಲ್ಲಿ ಬಂದ ವಿಂಡೋಸ್ 10ರಲ್ಲಿ ಹಳೇ ಡಿಸ್ಕ್ ಕ್ಲೀನಪ್ ಒಳಗೂ ಇದನ್ನು ಸೇರಿಸಿದ್ದರು. ಕಣ್ಣು ಮುಚ್ಚಿ ಎಲ್ಲಕ್ಕೂ ಟಿಕ್ ಹಾಕೋ ಅಭ್ಯಾಸ ಇದ್ದವರ ಫೈಲ್‌ಗಳು ಹಾಗೇ ಹಾರಿಹೋದವು. ಉಳಿದಂತೆ ಅಪ್‌ಡೇಟ್ ಕ್ಲೀನಪ್, ಡೆಲಿವರಿ ಆಪ್ಟಿಮೈಸೇಶನ್, ಟೆಂಪರರಿ, ಥಂಬ್‌ನೇಲ್ ಇವಕ್ಕೆಲ್ಲ ಧೈರ್ಯವಾಗಿ ಟಿಕ್ ಹಾಕಿ. ಹಿಂದಿನ ವಿಂಡೋಸ್ ಇನ್‌ಸ್ಟಾಲೇಶನ್ ಅಂತ ಕಂಡರೆ ಅದು ಹತ್ತಾರು ಜಿಬಿ ಇರಬಹುದು. ದೊಡ್ಡ ಅಪ್‌ಡೇಟ್ ಆದ 10 ದಿನದ ಮೇಲೆ ವಿಂಡೋಸ್ ಅದನ್ನು ತಾನೇ ತೆಗೆಯುತ್ತದೆ, ನೀವೇ ತೆಗೆದರೆ ಹಳೇ ವರ್ಶನ್‌ಗೆ ವಾಪಸ್ ಹೋಗೋ ದಾರಿ ಮುಚ್ಚಿತು, ಅಷ್ಟೇ.

ಮತ್ತೊಂದು ಮಾತು. ವಿಂಡೋಸ್ 11ರ 24ಎಚ್2 ಅನ್ನೋ ದೊಡ್ಡ ಅಪ್‌ಡೇಟ್ ಹಾಕಿಕೊಂಡ ಕೆಲವರಿಗೆ ಡಿಸ್ಕ್ ಕ್ಲೀನಪ್‌ನಲ್ಲಿ 8.63 ಜಿಬಿ ಅಂತ ಒಂದು ಲೆಕ್ಕ, ಎಷ್ಟು ಸಲ ಅಳಿಸಿದರೂ ಹೋಗದೆ ಕೂತಿತ್ತು. ಅದು ಲೆಕ್ಕ ತೋರಿಸೋದರಲ್ಲಿನ ತಪ್ಪು ಅಂತ ಮೈಕ್ರೋಸಾಫ್ಟ್ ಆಮೇಲೆ ಹೇಳಿತು. ಅಂಥದ್ದು ಕಂಡರೆ ಅದರ ಜೊತೆ ಜಗಳಕ್ಕೆ ಇಳಿಯಬೇಡಿ.

ಮೂರು ವಾರ ಅರ್ಧಕ್ಕೆ ನಿಂತಿದೆ ಅಂದ್ರೆ ಅರ್ಧ ಇಳಿದ ಪ್ಯಾಕೇಜ್‌ಗಳೂ ಬಿದ್ದಿರುತ್ತವೆ. ಸ್ಟಾರ್ಟ್ ಮೆನುವಿನಲ್ಲಿ ಸರ್ವೀಸಸ್ ಅಂತ ಹುಡುಕಿ ತೆರೆದು ವಿಂಡೋಸ್ ಅಪ್‌ಡೇಟ್ ಅನ್ನೋದನ್ನು ಸ್ಟಾಪ್ ಮಾಡಿ. ಸಿ ಡ್ರೈವ್, ವಿಂಡೋಸ್, ಸಾಫ್ಟ್‌ವೇರ್ ಡಿಸ್ಟ್ರಿಬ್ಯೂಶನ್, ಡೌನ್‌ಲೋಡ್. ಈ ಕೊನೆಯ ಫೋಲ್ಡರ್ ಒಳಗಿರೋದನ್ನೆಲ್ಲ ಅಳಿಸಿ, ಫೋಲ್ಡರನ್ನು ಬಿಡಿ. ಮತ್ತೆ ಸರ್ವೀಸ್ ಸ್ಟಾರ್ಟ್ ಮಾಡಿ. ಅಪ್‌ಡೇಟ್ ಮೊದಲಿಂದ ಇಳಿಯುತ್ತದೆ. ಆದ್ದರಿಂದ ಮೊಬೈಲ್ ಹಾಟ್‌ಸ್ಪಾಟ್ ಮೇಲೆ ಅಂಗಡಿ ನಡೆಸುವವರು ಇದನ್ನು ದಿನದ ಡೇಟಾ ಮುಗಿಯೋ ಹೊತ್ತಲ್ಲಿ ಮಾಡಬೇಡಿ. ಅಂದಹಾಗೆ ನಿಮ್ಮ ಡೇಟಾ ಮಧ್ಯಾಹ್ನಕ್ಕೇ ಖಾಲಿ ಆಗುತ್ತಿದ್ದರೆ ಈ ಅಪ್‌ಡೇಟ್ ಮೇಲೂ ಒಂದು ಕಣ್ಣಿಡಿ. ಸೋತ ಮೇಲೆ ಮತ್ತೆ ಇಳಿಸಿಕೊಳ್ಳುತ್ತಿರಬಹುದು.

ಇನ್ನೊಂದು ದೊಡ್ಡ ಫೈಲ್ ಹೈಬರ್ನೇಶನ್‌ದು, ಅಂದರೆ ಮಷಿನ್ ಮಲಗೋ ಮೊದಲು ರ್‍ಯಾಮ್‌ನಲ್ಲಿ ಇದ್ದದ್ದನ್ನು ಡಿಸ್ಕ್ ಮೇಲೆ ಬರೆದಿಟ್ಟುಕೊಳ್ಳೋ ಫೈಲ್. ಅದು ಕಣ್ಣಿಗೆ ಕಾಣೋದಿಲ್ಲ. ಸಾಮಾನ್ಯವಾಗಿ ರ್‍ಯಾಮ್‌ನ 40 ಪರ್ಸೆಂಟ್, ಅಂದರೆ ನಿಮ್ಮ 8 ಜಿಬಿಗೆ 3 ಜಿಬಿಗಿಂತ ಸ್ವಲ್ಪ ಜಾಸ್ತಿ. ಕಮ್ಯಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆಯಿರಿ. ಫೋನಲ್ಲಿ ಬರೆಸೋ ಹಾಗೆ ಹೇಳುತ್ತೇನೆ: ಪಿ ಓ ಡಬ್ಲ್ಯೂ ಇ ಆರ್ ಸಿ ಎಫ್ ಜಿ, ಸ್ಪೇಸ್, ಸ್ಲ್ಯಾಶ್ ಎಚ್, ಸ್ಪೇಸ್, ಆಫ್. ಎಂಟರ್. ಫೈಲ್ ಅಲ್ಲೇ ಮಾಯ. ಮಷಿನ್ ಆನ್ ಆಗೋದು ಕೊಂಚ ನಿಧಾನ ಆಗುತ್ತದೆ, ಫಾಸ್ಟ್ ಸ್ಟಾರ್ಟಪ್ ಇದರ ಮೇಲೇ ನಿಂತಿರೋದು. ಅಪ್‌ಡೇಟ್ ಮುಗಿದ ಮೇಲೆ ಆಫ್ ಬದಲು ಆನ್ ಅಂತ ಹೊಡೆದರೆ ಮೊದಲಿನ ಹಾಗೆ.

ಇನ್ನು ಬರೋದು ಎಲ್ಲರೂ ತಪ್ಪು ಮಾಡೋ ಜಾಗ. ವಿಂಡೋಸ್ ಫೋಲ್ಡರ್ ಒಳಗೆ ವಿನ್‌ಎಸ್ಎಕ್ಸ್ಎಸ್ ಅಂತ ಒಂದಿದೆ. ಪ್ರಾಪರ್ಟೀಸ್ ನೋಡಿದರೆ ಎದೆ ಧಸಕ್ ಅನ್ನೋ ಹಾಗೆ ಹತ್ತು, ಹದಿನೈದು ಜಿಬಿ ತೋರಿಸುತ್ತದೆ. ನಾನು ಈ ಕೆಲಸಕ್ಕೆ ಹೊಸಬ ಇದ್ದಾಗ "ಸಿಕ್ಕ ಕಳ್ಳ" ಅಂತ ಪರ್ಮಿಶನ್ ಮುರಿದು ಕೈಯಿಂದಲೇ ಅಳಿಸಿದ್ದೆ. ಮಷಿನ್ ಒಬ್ಬ ಅಕೌಂಟೆಂಟ್‌ದು, ಮಾರ್ಚ್ ಕೊನೆಯ ವಾರ. ರೀಸ್ಟಾರ್ಟ್ ಮಾಡಿದ ಮೇಲೆ ಅದು ಏಳಲೇ ಇಲ್ಲ. ರಾತ್ರಿ ಎರಡು ಗಂಟೆವರೆಗೆ ಕೂತು ಅವರ ಫೈಲ್ ಉಳಿಸಿಕೊಟ್ಟೆ. ಅವರು ಬೈಯಲಿಲ್ಲ, ಚಹಾ ಮಾಡಿ ಕೊಟ್ಟರು, ಅದು ಬೈಗುಳಕ್ಕಿಂತ ಜಾಸ್ತಿ ಚುಚ್ಚಿತು.

ಆ ಫೋಲ್ಡರ್ ತೋರಿಸೋ ಲೆಕ್ಕ ಪೂರ್ತಿ ನಿಜವೂ ಅಲ್ಲ. ಒಂದೇ ಫೈಲ್ ಅಲ್ಲೂ ಇರುತ್ತದೆ, ವಿಂಡೋಸ್‌ನ ಬೇರೆ ಫೋಲ್ಡರ್‌ನಲ್ಲೂ ಇರುತ್ತದೆ, ಡಿಸ್ಕ್ ಮೇಲೆ ಮಾತ್ರ ಒಂದೇ ಸಲ ಕೂತಿರುತ್ತದೆ. ಒಂದೇ ಜಮೀನಿಗೆ ಎರಡು ಪಹಣಿ ಇದ್ದ ಹಾಗೆ, ಎಕರೆ ಕೂಡಿಸಿದರೆ ಡಬಲ್ ಬರುತ್ತದೆ. ನಿಜವಾದ ಹೂಳು ಅಂದ್ರೆ ಹಳೇ ಅಪ್‌ಡೇಟ್‌ಗಳು ಬಿಟ್ಟುಹೋದ ಫೈಲ್‌ಗಳು. ನಮ್ಮ ತುಂಗಭದ್ರಾ ಡ್ಯಾಮ್‌ನಲ್ಲಿ 133 ಟಿಎಂಸಿ ಇದ್ದದ್ದು ಹೂಳು ತುಂಬಿ 105ರ ಆಸುಪಾಸಿಗೆ ಬಂದು ನಿಂತಿದೆ, ಅದನ್ನು ತೆಗೆಯೋ ದಾರಿ ಯಾರಿಗೂ ಸಿಕ್ಕಿಲ್ಲ. ಇಲ್ಲಿ ಪುಣ್ಯಕ್ಕೆ ಒಂದು ಕಮ್ಯಾಂಡ್ ಇದೆ: ಡಿ ಐ ಎಸ್ ಎಂ, ಸ್ಪೇಸ್, ಸ್ಲ್ಯಾಶ್ ಆನ್‌ಲೈನ್, ಸ್ಪೇಸ್, ಸ್ಲ್ಯಾಶ್ ಕ್ಲೀನಪ್ ಹೈಫನ್ ಇಮೇಜ್, ಸ್ಪೇಸ್, ಸ್ಲ್ಯಾಶ್ ಸ್ಟಾರ್ಟ್ ಕಾಂಪೊನೆಂಟ್ ಕ್ಲೀನಪ್, ಈ ಕೊನೆಯ ಮೂರು ಪದ ಮಾತ್ರ ಕೂಡಿಸಿ ಬರೆಯಬೇಕು. ಇಪ್ಪತ್ತು ಪರ್ಸೆಂಟ್‌ನಲ್ಲೇ ಹತ್ತು ನಿಮಿಷ ನಿಂತರೂ ಕಿಟಕಿ ಮುಚ್ಚಬೇಡಿ. ಕರೆಂಟ್ ಹೋಗದ ಹೊತ್ತು ನೋಡಿಕೊಂಡು, ಯುಪಿಎಸ್ ಇದ್ದರೆ ಅದರ ಮೇಲೆ ಮಾಡಿ.

ಇಷ್ಟು ಮಾಡಿ ರೀಸ್ಟಾರ್ಟ್ ಕೊಟ್ಟು ಅಪ್‌ಡೇಟ್ ಹಾಕಿ. ನಿಮ್ಮ ಮಷಿನ್‌ಗೆ ಇಷ್ಟು ಸಾಕಾಗುತ್ತದೆ ಅಂತ ನನ್ನ ಅಂದಾಜು. ಆದರೆ ಇದನ್ನು ಓದುತ್ತಿರೋ ಬೇರೆ ಯಾರಿಗಾದರೂ ಸಿ ಯಲ್ಲಿ ನೂರು ಜಿಬಿ ಖಾಲಿ ಇದ್ದೂ ಅಪ್‌ಡೇಟ್ ಕೈಕೊಡುತ್ತಿರಬಹುದು. ಅಲ್ಲಿ ತುಂಬಿರೋದು ಸಿ ಅಲ್ಲ, ಪಕ್ಕದಲ್ಲಿರೋ, ಹೆಸರೇ ಇಲ್ಲದ ಪುಟ್ಟ ಪಾರ್ಟಿಶನ್, ಅಂದರೆ ವಿಂಡೋಸ್ ಕೆಟ್ಟಾಗ ರಿಪೇರಿಗೆ ಅಂತ ಡಿಸ್ಕ್‌ನಲ್ಲಿ ಬೇರೆ ಇಟ್ಟ ತುಂಡು. 2024ರ ಜನವರಿಯಲ್ಲಿ ವಿಂಡೋಸ್ 10ಕ್ಕೆ ಬಂದ ಒಂದು ಸೆಕ್ಯುರಿಟಿ ಅಪ್‌ಡೇಟ್‌ಗೆ ರಿಕವರಿ ಪಾರ್ಟಿಶನ್‌ನಲ್ಲಿ 250 ಎಂಬಿ ಖಾಲಿ ಬೇಕಿತ್ತು, ಎಷ್ಟೋ ಮಷಿನ್‌ಗಳಲ್ಲಿ ಅಷ್ಟು ಇರಲಿಲ್ಲ. ಕೋಡ್ ಬೇರೆ ಬಂತು, 0ಎಕ್ಸ್80070643. ಜಾಗ ಇಲ್ಲ ಅಂತ ಅದು ಹೇಳಲೂ ಇಲ್ಲ. ಆ ಪಾರ್ಟಿಶನ್ ದೊಡ್ಡದು ಮಾಡೋದು ಮನೆಯಲ್ಲಿ ಕೂತು ಮಾಡೋ ಕೆಲಸ ಅಂತ ನಾನು ಹೇಳೋದಿಲ್ಲ.

ಬದು ಕಿತ್ತುಹಾಕಿ ಸಿ ಯನ್ನೇ ದೊಡ್ಡದು ಮಾಡಬಹುದಲ್ವಾ ಅಂತ ಕೇಳುತ್ತೀರಿ. ಮಾಡಬಹುದು, 80 ಜಿಬಿ ಸಿ ಗೆ ಕೊನೆಗೂ ಅದೇ ಮದ್ದು. ತೊಡಕು ಏನಂದ್ರೆ ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್ ಡಿ ಯನ್ನು ಬಾಲದ ಕಡೆಯಿಂದ ಮಾತ್ರ ಕುಗ್ಗಿಸುತ್ತದೆ. ಸಿ ಬೆಳೆಯೋಕೆ ಜಾಗ ಬೇಕಿರೋದು ಡಿ ಯ ತಲೆಯ ಕಡೆ. ಡಿ ಯಲ್ಲಿರೋದನ್ನು ಹೊರಗಿನ ಹಾರ್ಡ್ ಡಿಸ್ಕ್‌ಗೆ ಕಾಪಿ ಮಾಡಿ, ಡಿ ಯನ್ನು ಅಳಿಸಿ, ಸಿ ಗೆ 200 ಕೊಟ್ಟು, ಉಳಿದದ್ದರಲ್ಲಿ ಮತ್ತೆ ಡಿ ಮಾಡೋದು ಸುರಕ್ಷಿತ ದಾರಿ. ನಡುವೆ ರಿಕವರಿ ಪಾರ್ಟಿಶನ್ ಅಡ್ಡ ಕೂತಿದ್ದರೆ ಎಕ್ಸ್‌ಟೆಂಡ್ ಬಟನ್ ಮಸುಕಾಗೇ ಇರುತ್ತದೆ, ಆಗ ಗೊತ್ತಿದ್ದವರ ಕೈಗೆ ಕೊಡಿ.

ಕೊಡೋ ಮೊದಲು ಒಂದು ಕೆಲಸ ಮಾಡಿ. ಈಗ ಡಿ ಗೆ ಹೋದ ಆ ಡೌನ್‌ಲೋಡ್ಸ್ ಫೋಲ್ಡರ್ ತೆರೆದು, ಹೆಸರಿನ ಪ್ರಕಾರ ಜೋಡಿಸಿ, ಆಧಾರ್ ಅಂತ ಶುರುವಾಗೋದನ್ನೆಲ್ಲ ಒಟ್ಟಿಗೆ ಹಿಡಿದು ಶಿಫ್ಟ್ ಒತ್ತಿಕೊಂಡು ಡಿಲೀಟ್ ಮಾಡಿ, ಪಾಸ್‌ಬುಕ್‌ಗಳನ್ನೂ. ಅವು ನಿಮ್ಮವಲ್ಲ, ಪ್ರಿಂಟ್ ತೆಗೆಸಿಕೊಂಡು ಹೋದ ನಿಮ್ಮೂರ ಮಂದಿಯವು.